ಕಡಲಂಚಿನ ಬಿಳಿ ಹೂವಿನ ಕಳ್ಳಿ

ನಮ್ಮ ಊರುಗಳಲ್ಲಿ ಮಳೆಗಾಲದ ಯಾವುದಾದರೊಂದು ದಿನ ಒಂದು ಮನೆಯಿಂದ ಅಕ್ಕಪಕ್ಕದ ಮನೆಗಳಿಗೆ ಕರೆ ಹೋಗುವುದುಂಟು: 'ಇವತ್ತು ರಾತ್ರಿ ನಮ್ಮಲ್ಲಿ ಬ್ರಹ್ಮಕಮಲ ಅರಳುತ್ತದೆ, ಊಟ ಮುಗಿಸಿಕೊಂಡು ಬನ್ನಿ.' ಹಿತ್ತಿಲಲ್ಲೋ ಮಹಡಿಯ ಮೇಲೋ ಇರುವ ಕುಂಡದ ಸುತ್ತ ನೆರೆಹೊರೆಯವರು ಸೇರುತ್ತಾರೆ. ಮಕ್ಕಳು ನಿದ್ದೆ ತಡೆದುಕೊಂಡು ಕುಳಿತಿರುತ್ತಾರೆ. ಯಾರೋ ಊದುಬತ್ತಿ ಹಚ್ಚುತ್ತಾರೆ, ಯಾರೋ ಕಾಫಿ ತರುತ್ತಾರೆ. ಕತ್ತಲು ದಟ್ಟವಾಗುತ್ತಿದ್ದಂತೆ ಮೊಗ್ಗು ಬಿರಿಯತೊಡಗಿ, ನಡುರಾತ್ರಿಯ ಹೊತ್ತಿಗೆ ಅಂಗೈಯನ್ನೂ ಮೀರಿದ ಬಿಳಿಯ ಹೂವೊಂದು ಕಣ್ಣೆದುರಿಗೇ ಅರಳಿ ನಿಲ್ಲುತ್ತದೆ. ಬೆಳಗಾಗುವಷ್ಟರಲ್ಲಿ ಅದು ಕತ್ತು ಬಾಗಿಸಿ ಬಾಡಿಹೋಗಿರುತ್ತದೆ.

ನಾವು ಅದಕ್ಕೆ ಕೊಟ್ಟಿರುವ ಹೆಸರು ದೊಡ್ಡದು. ಆದರೆ ಅದು ಕಮಲದ ಜಾತಿಯದಲ್ಲ. ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಆ ಹೆಸರಿಗೆ ಮೊದಲ ಹಕ್ಕುಳ್ಳ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ. ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕದ ಕಾಡುಗಳಿಂದ ಬಂದ ಒಂದು ಕಳ್ಳಿ ಅದು. ನಾವು ಎಲೆಯೆಂದು ಭಾವಿಸುವ ಚಪ್ಪಟೆಯಾದ ಹಸಿರು ಭಾಗ ನಿಜಕ್ಕೂ ಅದರ ಕಾಂಡ. ಆದುದರಿಂದಲೇ 'ಎಲೆ'ಯ ಅಂಚಿನಿಂದ ಹೂ ಹೊರಡುವ ವಿಚಿತ್ರವನ್ನು ನಾವು ಕಾಣುತ್ತೇವೆ.

ಇದೇ ಕುಟುಂಬಕ್ಕೆ ಸೇರಿದ, ಇದರಂತೆಯೇ ರಾತ್ರಿಯಲ್ಲಿ ಬಿಳಿಯ ಹೂ ಬಿಡುವ ಬಂಧುವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿರುವ ಫ್ಲಾರಿಡಾದ ಕಡಲತಡಿಯಲ್ಲಿದೆ. ಅದರ ಹೂವನ್ನು ನೋಡಲು ನೆರೆಹೊರೆಯವರು ಸೇರುವುದಿಲ್ಲ. ಅದು ಇರುವ ಜಾಗವೇ ಕಿರಿದು. ಆ ಜಾಗವೂ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಕಿರಿದಾಗುತ್ತಿದೆ. ಕಡಲಿಗೂ ಊರಿಗೂ ನಡುವೆ ಸಿಕ್ಕಿಕೊಂಡ ಆ ಪೊದೆಗಳ್ಳಿಯ ವಿಚಾರವನ್ನೂ, ಅದೇ ಕರಾವಳಿಯಲ್ಲಿ ಇನ್ನೂ ದಕ್ಷಿಣಕ್ಕಿದ್ದ ಮತ್ತೊಂದು ಕಳ್ಳಿಗೆ ಒದಗಿದ ಗತಿಯನ್ನೂ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ನಾವು ಮುಳ್ಳಿನ, ರಸತುಂಬಿದ ಗಿಡಗಳನ್ನೆಲ್ಲ 'ಕಳ್ಳಿ' ಎಂದುಬಿಡುತ್ತೇವೆ. ಹೊಲದ ಬೇಲಿಯಲ್ಲಿ ನಿಂತಿರುವ, ಮುರಿದರೆ ಹಾಲು ಸುರಿಸುವ ನಮ್ಮ ನಾಡಿನ ಕಳ್ಳಿಗಳು ಬೇರೊಂದು ಕುಟುಂಬದವು. ಹರಳು ಗಿಡಕ್ಕೆ ದಾಯಾದಿಗಳು. ಅಮೆರಿಕದ ಕಳ್ಳಿಗಳಲ್ಲಿ ಹಾಲು ಹರಿಯುವುದು ಅಪರೂಪ. ಅವುಗಳ ಮೈಮೇಲೆ ಹತ್ತಿಯ ಉಂಡೆಯಂಥ ಪುಟ್ಟ ಪುಟ್ಟ ಮೆತ್ತೆಗಳಿರುತ್ತವೆ. ಮುಳ್ಳು, ಹೂವು, ಹೊಸ ಕೊಂಬೆ ಎಲ್ಲವೂ ಆ ಮೆತ್ತೆಗಳಿಂದಲೇ ಹುಟ್ಟಬೇಕು. ಆ ಕುಟುಂಬದ ಗುರುತು ಅದು. ಪಾಪಾಸಿನ ಅಟ್ಟೆಯಂತೆ ಚಪ್ಪಟೆಯಾದ ನಮ್ಮ ಪಾಪಾಸುಕಳ್ಳಿ ಆ ಕುಟುಂಬದ್ದೇ. ಆದರೆ ಅದು ಇಲ್ಲಿಯದಲ್ಲ, ಹಡಗು ಹತ್ತಿ ಬಂದದ್ದು. ಎರಡು ದೂರದ ಖಂಡಗಳಲ್ಲಿ, ಎರಡು ಬೇರೆ ಮನೆತನಗಳು, ನೀರಿನ ಕೊರತೆಯೆಂಬ ಒಂದೇ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರವನ್ನು ಕಂಡುಕೊಂಡವು.

ಕಳ್ಳಿಯೆಂದೊಡನೆ ಮರುಭೂಮಿ ನೆನಪಾಗುವುದು ಸಹಜ. ಫ್ಲಾರಿಡಾ ಮರುಭೂಮಿಯಲ್ಲ, ಅಲ್ಲಿ ವರ್ಷಕ್ಕೆ 50 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುತ್ತದೆ. ಅಂಥಲ್ಲಿ ಕಳ್ಳಿಗೇನು ಕೆಲಸ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಕರಾವಳಿಯವರು ಥಟ್ಟನೆ ಹೇಳಿಯಾರು. ಉಡುಪಿಯಲ್ಲಿ ಬೀಳುವ ಮಳೆ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಆದರೂ ಅಲ್ಲಿನ ಕಡಲದಂಡೆಯ ಮರಳಿನಲ್ಲಿ ಆಡಿನ ಗೊರಸಿನಂಥ ಎಲೆಯ ಬಳ್ಳಿಯೊಂದು ಹಬ್ಬಿಕೊಂಡಿರುತ್ತದೆಯೇ ಹೊರತು ಹುಲುಸಾದ ಗಿಡಗಳು ಕಾಣುವುದಿಲ್ಲ. ಮರಳು ನೀರನ್ನು ಹಿಡಿದಿಡುವುದಿಲ್ಲ. ಬಿದ್ದ ಮಳೆ ಗಳಿಗೆಯೊಳಗೆ ಇಂಗಿ ಕೈತಪ್ಪುತ್ತದೆ. ಮೇಲೆ ಬಿಸಿಲು, ಎದುರಿಗೆ ಉಪ್ಪುಗಾಳಿ. ಹೀಗೆ ಮಳೆಯ ನಾಡಿನಲ್ಲಿಯೂ ಕಡಲಂಚಿನ ಮರಳುದಿಬ್ಬವು ಗಿಡದ ಪಾಲಿಗೆ ಒಂದು ಚಿಕ್ಕ ಮರುಭೂಮಿಯೇ ಆಗಿಬಿಡುತ್ತದೆ.

ಅಂಥ ದಿಬ್ಬಗಳ ನಿವಾಸಿ ನಮ್ಮ ಕಥಾನಾಯಕಿ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಹ್ಯಾರಿಸಿಯಾ ಫ್ರಾಗ್ರಾನ್ಸ್. ಎರಡನೆಯ ಪದಕ್ಕೆ ಲ್ಯಾಟಿನ್ನಿನಲ್ಲಿ 'ಪರಿಮಳವುಳ್ಳದ್ದು' ಎಂದರ್ಥ. ಮೊದಲನೆಯದು ಜಮೈಕಾ ದ್ವೀಪದ ಸಾರ್ವಜನಿಕ ಉದ್ಯಾನಗಳ ಮೇಲ್ವಿಚಾರಕರಾಗಿದ್ದ ವಿಲಿಯಂ ಹ್ಯಾರಿಸರ ನೆನಪಿಗಾಗಿ ಇಟ್ಟ ಹೆಸರು. ಅಲ್ಲಿಯ ಜನ ಇದನ್ನು 'ಪರಿಮಳದ ಮುಳ್ಳುಸೇಬು' ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಕೊರಡಿನಂತೆ ದಪ್ಪವಾಗಿ ನೆಟ್ಟಗೆ ನಿಲ್ಲುವ ಕಳ್ಳಿ ಇದಲ್ಲ. ಕಾಂಡ ತೆಳು, ಉರುಟು. ಅದರ ಉದ್ದಕ್ಕೂ ಹತ್ತು ಹನ್ನೆರಡು ಏಣುಗಳು. ಏಣಿನ ಮೇಲೆ ಸಾಲಾಗಿ ಮುಳ್ಳಿನ ಗೊಂಚಲುಗಳು. ಬುಡದಿಂದ ಹಲವು ಕೊಂಬೆಗಳು ಎದ್ದು, ತಮ್ಮ ಭಾರವನ್ನು ತಾವೇ ಹೊರಲಾರದೆ ಪಕ್ಕದ ಪೊದೆಗಳಿಗೆ ಒರಗಿಕೊಳ್ಳುತ್ತವೆ. ಕೆಲವು ನೆಲಕ್ಕೊರಗಿ ತೆವಳುತ್ತವೆ. ಆಸರೆ ಸಿಕ್ಕರೆ 15 ಅಡಿಯವರೆಗೂ ಏರಬಲ್ಲುದು.

ಇದು ಶಾಸ್ತ್ರದ ಕಣ್ಣಿಗೆ ಬಿದ್ದದ್ದು ತಡವಾಗಿ. ನ್ಯೂಯಾರ್ಕ್ ಸಸ್ಯೋದ್ಯಾನದ ಜಾನ್ ಕುಂಕೆಲ್ ಸ್ಮಾಲ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆರಂಭದಿಂದ ವರ್ಷವರ್ಷವೂ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನ ದಿಬ್ಬ ಜೌಗುಗಳನ್ನೆಲ್ಲ ಸುತ್ತಿ ಗಿಡಗಳನ್ನು ಸಂಗ್ರಹಿಸಿದವರು. ಬ್ರಿಟನ್ ಮತ್ತು ರೋಸ್ ಎಂಬಿಬ್ಬರು ಕಳ್ಳಿಗಳ ಕುಟುಂಬವನ್ನೆಲ್ಲ ನಾಲ್ಕು ಸಂಪುಟಗಳಲ್ಲಿ ವರ್ಣಿಸಿದ ಮಹಾಗ್ರಂಥವನ್ನು 1919ರಿಂದ 1923ರವರೆಗೆ ಹೊರತಂದರು. ಅದರ 1920ರ ಸಂಪುಟದಲ್ಲಿ, ಸ್ಮಾಲ್ ಅವರು ಇಟ್ಟ ಹೆಸರಿನಿಂದಲೇ ಈ ಗಿಡ ಲೋಕಕ್ಕೆ ಪರಿಚಯವಾಯಿತು.

ಇದು ಬದುಕುವ ಬಗೆಯನ್ನು ಅರಿಯಬೇಕಾದರೆ ನಾವು ಒಂದು ಗಳಿಗೆ ಬೆಂಗಳೂರಿನ ಲಾಲ್‌ಬಾಗಿಗೆ ಬರಬೇಕು. ಟಿಪ್ಪುವಿನ ಪತನದ ನಂತರದ ವರ್ಷಗಳಲ್ಲಿ ಈ ತೋಟದೊಂದಿಗೆ ಹೆಸರು ಸೇರಿಕೊಂಡಿರುವವರಲ್ಲಿ ಒಬ್ಬರು, ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ. ನಾವು ಕಾಡುಬಸಳೆ ಎಂದು ಕರೆಯುವ, ಎಲೆಯ ಅಂಚಿನಿಂದಲೇ ಮರಿಗಳನ್ನು ಹಾಕುವ ಗಿಡದ ಎಲೆಯನ್ನು ಆತ ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿಕೊಂಡು ನೋಡಿದರು. ಬೆಳಗ್ಗೆ ಅದು ಹುಳಿ. ನಡುಹಗಲಿಗೆ ಸಪ್ಪೆ. ಸಂಜೆಗೆ ತುಸು ಕಹಿ. ಈ ಸಂಗತಿಯನ್ನು 1813ರಲ್ಲಿ ಲಂಡನ್ನಿನ ವಿದ್ವಾಂಸರಿಗೆ ಕಾಗದ ಬರೆದು ತಿಳಿಸಿದರು. ಒಂದು ಎಲೆಯ ರುಚಿ ನೋಡಿದ ಈ ಸಣ್ಣ ಪರೀಕ್ಷೆಯಲ್ಲಿ ಅಡಗಿದ್ದ ರಹಸ್ಯವನ್ನು ಪೂರ್ತಿಯಾಗಿ ಬಿಡಿಸಲು ಮುಂದಿನವರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ರಹಸ್ಯವಿಷ್ಟು. ಸಾಮಾನ್ಯ ಗಿಡಗಳು ಹಗಲಿನಲ್ಲಿ ತಮ್ಮ ಮೈಮೇಲಿನ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ಒಳಗೆ ಎಳೆದುಕೊಳ್ಳುತ್ತವೆ. ಬಿಸಿಲಿನ ಬಲದಿಂದ ಅದನ್ನು ಸಕ್ಕರೆಯಾಗಿಸಿಕೊಳ್ಳುತ್ತವೆ. ಆದರೆ ಬಾಗಿಲು ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನೀರು ಧಾರಾಳವಾಗಿರುವವರಿಗೆ ಈ ನಷ್ಟ ಲೆಕ್ಕಕ್ಕಿಲ್ಲ. ಕಳ್ಳಿ, ಕಾಡುಬಸಳೆಗಳಂಥ ಮಿತವ್ಯಯಿಗಳು ಹಗಲೆಲ್ಲ ಬಾಗಿಲು ಮುಚ್ಚಿಕೊಂಡಿದ್ದು, ತಂಪು ಹೊತ್ತಾದ ರಾತ್ರಿಯಲ್ಲಿ ಮಾತ್ರ ತೆರೆಯುತ್ತವೆ. ರಾತ್ರಿ ಬಂದ ಸರಕನ್ನು ಬಿಸಿಲಿಲ್ಲದೆ ಅಡಿಗೆ ಮಾಡುವಂತಿಲ್ಲವಾದ್ದರಿಂದ ಅದನ್ನು ಮ್ಯಾಲಿಕ್ ಆಮ್ಲವೆಂಬ ಹುಳಿಯ ರೂಪದಲ್ಲಿ ಕೂಡಿಡುತ್ತವೆ. ಹಗಲಾದ ಮೇಲೆ, ಬಾಗಿಲು ಮುಚ್ಚಿಕೊಂಡೇ, ಆ ಹುಳಿಯನ್ನು ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತವೆ. ಹೈನೆಯ ನಾಲಿಗೆಗೆ ಬೆಳಗಿನ ಹುಳಿಯಾಗಿ ತಗುಲಿದ್ದು ರಾತ್ರಿಯ ಈ ದಾಸ್ತಾನು.

ಉಸಿರಾಟ ರಾತ್ರಿಯದಾದಂತೆ ಹ್ಯಾರಿಸಿಯಾದ ಹೂವೂ ರಾತ್ರಿಯದೇ. ಮುಸ್ಸಂಜೆಯ ನಂತರ ಗೇಣುದ್ದದ ಕೊಳವೆಯ ತುದಿಯಲ್ಲಿ ಬಿಳಿಯ ದಳಗಳು ಬಿಡಿಸಿಕೊಳ್ಳುತ್ತವೆ. ಕತ್ತಲಲ್ಲಿ ಬಣ್ಣಕ್ಕೆ ಬೆಲೆಯಿಲ್ಲ. ಬೆಳ್ದಿಂಗಳನ್ನು ಹಿಂದಿರುಗಿಸುವ ಬಿಳುಪಿಗೆ ಬೆಲೆಯುಂಟು, ಗಾಳಿಯಲ್ಲಿ ದೂರಕ್ಕೆ ಹೋಗಬಲ್ಲ ಪರಿಮಳಕ್ಕೆ ಬೆಲೆಯುಂಟು. ಉದ್ದವಾದ ಕೊಳವೆಯ ತಳದಲ್ಲಿರುವ ಮಕರಂದ ಉದ್ದ ಹೀರುನಾಳದ ರಾತ್ರಿಪತಂಗಗಳಿಗೆ ಹೇಳಿ ಮಾಡಿಸಿದಂತಿದೆ. ಬೆಳಕು ಹರಿದ ಮೇಲೆ ಹೂ ಬಾಡುತ್ತದೆ. ಮುಂದೆ ಮಂಕಾದ ಕೆಂಪಿನ ದುಂಡು ಹಣ್ಣು. ಒಳಗೆ ಕಪ್ಪು ಬೀಜಗಳು. ಹಕ್ಕಿಗಳು ಹಣ್ಣು ತಿಂದು ಬೇರೊಂದು ಪೊದೆಯ ಮೇಲೆ ಕುಳಿತು ಬೀಜ ಕೆಡವುತ್ತವೆ. ಆ ಪೊದೆಯ ನೆರಳಿನಲ್ಲಿ ಮೊಳೆತ ಸಸಿ ಬೆಳೆದು, ಅದಕ್ಕೇ ಒರಗಿ ನಿಲ್ಲುತ್ತದೆ. ಹೀಗೆ ಪತಂಗ, ಹಕ್ಕಿ, ಪೊದೆ ಈ ಮೂರೂ ಇದ್ದಲ್ಲಿ ಮಾತ್ರ ಇದರ ಸಂಸಾರ ಸಾಗೀತು. ಗಿಡವೊಂದನ್ನು ಉಳಿಸಿ ಪೊದೆಯನ್ನು ಕಡಿದುಹಾಕಿದರೆ ಮುಂದಿನ ತಲೆಮಾರಿಗೆ ತಾವಿಲ್ಲ.

ಈಗ ಆ ದಿಬ್ಬದ ಕಡೆಗೆ ಹೋಗೋಣ. ಫ್ಲಾರಿಡಾದ ಪೂರ್ವತೀರದಲ್ಲಿ, ಸೇಂಟ್ ಲೂಸಿ ಎಂಬ ಜಿಲ್ಲೆಯಲ್ಲಿ, ಮೊದಲು ಅಟ್ಲಾಂಟಿಕ್ ಸಾಗರ. ಅದರ ಬದಿಗೆ ಗೆರೆಯೆಳೆದಂತೆ ಒಂದು ನೀಳ ದ್ವೀಪ. ಅದರ ಹಿಂದೆ 'ಇಂಡಿಯನ್ ರಿವರ್' ಎಂಬ ಹೆಸರಿನ ಉಪ್ಪುನೀರಿನ ಹಿನ್ನೀರು. ಹಿನ್ನೀರು ದಾಟಿದರೆ ಪುರಾತನ ಕಾಲದಲ್ಲಿ ಗಾಳಿ ಅಲೆಗಳು ಒಟ್ಟಿದ ಮರಳಿನ ದಿಬ್ಬಗಳ ಸಾಲು. ಅದರಾಚೆಗೆ ಸಿಹಿನೀರಿನ ಜೌಗು. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಮತ್ತೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವುದನ್ನು ಕಂಡವರಿಗೆ ಈ ದಿಬ್ಬದ ಸ್ಥಿತಿ ಅರ್ಥವಾದೀತು. ಎರಡು ನೀರುಗಳ ನಡುವಣ ಒಣನೆಲ ಅದೊಂದೇ. ಕಳ್ಳಿಗೆ ಬೇಕಾದದ್ದು ಒಣನೆಲ. ದುರ್ದೈವದಿಂದ ಮನುಷ್ಯನಿಗೆ ಬೇಕಾದದ್ದೂ ಅದೇ.

ಹೆನ್ರಿ ಫ್ಲ್ಯಾಗ್ಲರ್ ಎಂಬ ಧನಿಕರ ರೈಲುದಾರಿ 1894ರಲ್ಲಿ ಈ ಭಾಗವನ್ನು ಹಾದು ವೆಸ್ಟ್ ಪಾಮ್ ಬೀಚನ್ನೂ, 1896ರಲ್ಲಿ ಮಯಾಮಿಯನ್ನೂ ಮುಟ್ಟಿತು. ಕಂಬಿ ಹಾಸಲು ತಕ್ಕ ಜಾಗ ದಿಬ್ಬವೇ. ಆ ಕಾಲದಲ್ಲಿ ದಿಬ್ಬದ ಮರಳಿನಲ್ಲಿ ಅನಾನಸಿನ ತೋಟಗಳೆದ್ದವು. ಹಣ್ಣು ರೈಲಿನಲ್ಲಿ ಉತ್ತರದ ಪಟ್ಟಣಗಳಿಗೆ ಹೋಗತೊಡಗಿತು. ಬಳಿಕ ಬಂದದ್ದು ಮನೆಗಳ ಸಾಲು. ಚಳಿಗೆ ಅಂಜಿ ದಕ್ಷಿಣಕ್ಕೆ ಬರುವ ಜನರಿಗೆ ಹಿನ್ನೀರು ಕಾಣುವ, ನೆರೆಯ ಭಯವಿಲ್ಲದ ದಿಬ್ಬಕ್ಕಿಂತ ಒಳ್ಳೆಯ ನಿವೇಶನ ಯಾವುದು? ಫ್ಲಾರಿಡಾದ ಗಿಡಗಳನ್ನು ಬಲ್ಲ ಸ್ಮಾಲ್ ಅವರು 1929ರಲ್ಲೇ 'ಈಡನ್ನಿನಿಂದ ಸಹಾರಾಕ್ಕೆ: ಫ್ಲಾರಿಡಾದ ದುರಂತ' ಎಂಬರ್ಥದ ಹೆಸರಿಟ್ಟು ಒಂದು ಪುಸ್ತಕ ಬರೆದರು. ಜೌಗಿನ ನೀರನ್ನು ಬಸಿದು, ಕಾಡಿಗೆ ಬೆಂಕಿಯಿಟ್ಟು, ದಿಬ್ಬ ತೊಪ್ಪಲುಗಳನ್ನು ಹಾಳುಗೆಡಹುತ್ತಿದ್ದುದನ್ನು ಕಣ್ಣಾರೆ ಕಂಡವರ ಸಂಕಟ ಅದು.

ಒಂದು ಕಾಲಕ್ಕೆ ಪೂರ್ವತೀರದ ಹಲವು ಜಿಲ್ಲೆಗಳಲ್ಲಿದ್ದ ಈ ಗಿಡ ಇಂದು ಬಹುಮಟ್ಟಿಗೆ ಸೇಂಟ್ ಲೂಸಿ ಜಿಲ್ಲೆಯೊಂದಕ್ಕೇ ಸೀಮಿತವಾಗಿದೆ. 1985ರಲ್ಲಿ ಅಮೆರಿಕದ ಸರಕಾರ ಇದನ್ನು ಅಳಿವಿನಂಚಿನ ಗಿಡವೆಂದು ಘೋಷಿಸಿ ಕಾನೂನಿನ ರಕ್ಷಣೆ ನೀಡಿತು. 'ಸವನ್ನಾಸ್' ಎಂಬ ಸರಕಾರಿ ರಕ್ಷಿತ ಪ್ರದೇಶದಲ್ಲಿ ದಿಬ್ಬದ ಒಂದು ಭಾಗ ಸೇರಿಕೊಂಡಿರುವುದರಿಂದ ಅಲ್ಲಿ ಒಂದಿಷ್ಟು ಗಿಡಗಳು ಉಳಿದಿವೆ. ಕಾನೂನಿನಿಂದ ಆಗುವ ಉಪಕಾರವನ್ನು ಕಡಿಮೆಯೆಂದು ಎಣಿಸಬಾರದು. ಆದರೂ ಬೇಲಿಯೊಳಗಿನ ತುಂಡುನೆಲಕ್ಕೆ ತನ್ನದೇ ತೊಂದರೆಗಳುಂಟು. 2004ರ ಸೆಪ್ಟೆಂಬರಿನಲ್ಲಿ ಫ್ರಾನ್ಸಸ್ ಮತ್ತು ಜೀನ್ ಎಂಬ ಎರಡು ಚಂಡಮಾರುತಗಳು ಮೂರು ವಾರಗಳ ಅಂತರದಲ್ಲಿ ಹೆಚ್ಚುಕಡಿಮೆ ಇದೇ ತೀರದ ಮೇಲೆ ಎರಗಿದವು. ಹಿಂದೆಯೂ ಇಂಥ ಬಿರುಗಾಳಿಗಳು ಬರುತ್ತಲೇ ಇದ್ದವು. ಮೈಲುಗಟ್ಟಲೆ ಹರಡಿದ ಸಂತತಿಗೆ ಒಂದು ಕಡೆ ಪೆಟ್ಟು ಬಿದ್ದರೆ ಇನ್ನೊಂದು ಕಡೆಯಿಂದ ಹಕ್ಕಿ ಬೀಜ ತಂದೀತು. ಕೆಲವೇ ದಿಬ್ಬಗಳಿಗೆ ಇಳಿದ ಮೇಲೆ ಹಾಗೆ ಬೀಜ ಬರುವ ಇನ್ನೊಂದು ಕಡೆಯೇ ಇಲ್ಲವಾಗುತ್ತದೆ.

ಇದು ಊರಿನ ಕಡೆಯಿಂದ ಬಂದ ಒತ್ತಡದ ಕಥೆ. ಕಡಲಿನ ಕಡೆಯಿಂದ ಬರುವ ಒತ್ತಡ ಎಂಥದೆಂಬುದನ್ನು ತಿಳಿಯಲು ಇದೇ ತೀರದಲ್ಲಿ ದಕ್ಷಿಣಕ್ಕೆ ಹೋಗಬೇಕು. ಫ್ಲಾರಿಡಾದ ತುದಿಯಲ್ಲಿ ಮಣಿಸರದಂತೆ ಬಾಗಿಕೊಂಡಿರುವ ಕಿರುದ್ವೀಪಗಳ ಸಾಲಿಗೆ 'ಕೀಸ್' ಎಂದು ಹೆಸರು. ಇವುಗಳಲ್ಲಿ ಮೊದಲನೆಯದೂ ದೊಡ್ಡದೂ ಆದ ಕೀ ಲಾರ್ಗೊ ದ್ವೀಪವು ಪುರಾತನ ಹವಳದ ದಿಬ್ಬಗಳು ಕಲ್ಲಾಗಿ ಉಂಟಾದುದು. ಅಲ್ಲಿಯ ಅತಿ ಎತ್ತರದ ನೆಲವೂ ಸಮುದ್ರಮಟ್ಟದಿಂದ ಸುಮಾರು 15 ಅಡಿ ಮಾತ್ರ.

1992ರಲ್ಲಿ ಆ ದ್ವೀಪದಲ್ಲಿ, ಕಾಂಡ್ಲಾಗಿಡಗಳು ಸುತ್ತುವರಿದಿದ್ದ ತಗ್ಗಾದ ಸುಣ್ಣಕಲ್ಲಿನ ಹಾಸಿನ ಮೇಲೆ, ಕಳ್ಳಿಗಳ ಗುಂಪೊಂದು ಕಂಡುಬಂದಿತು. ಇವು ಹ್ಯಾರಿಸಿಯಾದಂತೆ ಪೊದೆಯಲ್ಲ, 20 ಅಡಿಯನ್ನೂ ಮೀರಿ ಬೆಳೆಯಬಲ್ಲ ಕಂಬಗಳ್ಳಿಗಳು. ಹೂ ಕೆನೆಬಿಳುಪಿನದು, ರಾತ್ರಿಯದು. ವಾಸನೆ ಮಾತ್ರ ಬೆಳ್ಳುಳ್ಳಿಯದು. ಬಾವಲಿಗಳನ್ನು ಕರೆಯುವ ಹೂಗಳಿಗೆ ಇಂಥ ವಾಸನೆ ಇರುವುದುಂಟು. ಹೂವಿನ ಬುಡದಲ್ಲಿ ಹಿಮದಂತೆ ಬೆಳ್ಳಗಿನ ಉದ್ದ ಕೂದಲ ಕುಚ್ಚು. ಬಹುಕಾಲ ಇದನ್ನು ಆ ದ್ವೀಪಗಳ ಮತ್ತೊಂದು ಅಪರೂಪದ ಕಳ್ಳಿಯೆಂದೇ ತಿಳಿದಿದ್ದರು. 2019ರಲ್ಲಿ ಇದು ಬೇರೆಯೇ ಜಾತಿ, ಪೈಲೊಸೀರಿಯಸ್ ಮಿಲ್ಸ್‌ಪಾಘಿ ಎಂಬುದು ಖಚಿತವಾಯಿತು. ಕ್ಯೂಬಾ, ಬಹಾಮಾಗಳ ಕೆಲವೆಡೆ ಈ ಜಾತಿ ಉಂಟು. ಸಂಯುಕ್ತ ಸಂಸ್ಥಾನದಲ್ಲಿ ಇದ್ದದ್ದು ಕೀ ಲಾರ್ಗೊದ ಈ ಒಂದೇ ಗುಂಪು. ಅದು ಯಾವುದೆಂಬುದು ತಿಳಿಯುವ ಹೊತ್ತಿಗೆ ಅದರ ಅವಸಾನಕಾಲ ಸಮೀಪಿಸಿತ್ತು.

ಚೆನ್ನಾಗಿದ್ದ ಕಾಲದಲ್ಲಿ ಆ ಗುಂಪಿನಲ್ಲಿ ಸುಮಾರು 150 ಕಾಂಡಗಳಿದ್ದವು. 2015ರಲ್ಲಿ ಹೋಗಿ ನೋಡಿದ ಸಸ್ಯಶಾಸ್ತ್ರಜ್ಞರಿಗೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಸತ್ತಿರುವುದು ಕಂಡಿತು. ಯಾವುದೋ ಪ್ರಾಣಿಗಳು ಕಾಂಡದ ತಿರುಳನ್ನು ಕೆರೆದು ತಿಂದಿದ್ದವು. ಮುಳ್ಳನ್ನೂ ಲೆಕ್ಕಿಸದೆ ಕಳ್ಳಿಯನ್ನು ತಿನ್ನುವ ದುರವಸ್ಥೆ ಪ್ರಾಣಿಗಳಿಗೆ ಏಕೆ ಬಂದಿತು? ಉಬ್ಬರದ ಉಪ್ಪುನೀರು ನೆಲದೊಳಗೆ ನುಗ್ಗಿ ಸಿಹಿನೀರಿನ ಸೆಲೆಗಳನ್ನು ಕೆಡಿಸಿತ್ತು. ಬಾಯಾರಿದ ಪ್ರಾಣಿಗಳಿಗೆ ಕಳ್ಳಿಯ ತಿರುಳೊಂದೇ ನೀರಿನ ಪಾತ್ರೆಯಾಯಿತು ಎಂಬುದು ಅವರು ಕಂಡುಕೊಂಡ ವಿವರಣೆ. 2017ರಲ್ಲಿ ಇರ್ಮಾ ಎಂಬ ಚಂಡಮಾರುತ ಬಂದು 5 ಅಡಿ ಎತ್ತರದ ಕಡಲನ್ನು ದ್ವೀಪದ ಮೇಲೆ ಹರಿಸಿತು. ಆಗ ಅಲ್ಲಿಯ ಜೀವಶಾಸ್ತ್ರಜ್ಞರು ಮಕ್ಕಳು ಆಟವಾಡುವ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಸಿಹಿನೀರು ತುಂಬಿಸಿ ಕಾಡುಪ್ರಾಣಿಗಳಿಗಾಗಿ ಅಲ್ಲಲ್ಲಿ ಇಡಬೇಕಾಯಿತು. 2019ರಲ್ಲಿ ವರ್ಷದ ಅತಿ ದೊಡ್ಡ ಉಬ್ಬರಗಳು ಮತ್ತೆ ನೆಲವನ್ನು ಮುಳುಗಿಸಿದವು. 2021ರ ವೇಳೆಗೆ ಉಳಿದದ್ದು ಸೊರಗಿದ ಆರು ತುಂಡುಗಳು. ಇನ್ನು ಅಲ್ಲಿ ಬಿಟ್ಟರೆ ಬದುಕಲಾರವೆಂದು ಅವುಗಳನ್ನು ತೆಗೆದು ಫೇರ್‌ಚೈಲ್ಡ್ ಉಷ್ಣವಲಯದ ಸಸ್ಯೋದ್ಯಾನಕ್ಕೆ ಸಾಗಿಸಿದರು. 2023ರಲ್ಲಿ ಹುಡುಕಿದಾಗ ಆ ಕಲ್ಲುಹಾಸಿನ ಮೇಲೆ ಒಂದೂ ಇರಲಿಲ್ಲ. ಏರುತ್ತಿರುವ ಕಡಲಿನಿಂದ ಆ ದೇಶದಲ್ಲಿ ಒಂದು ಜಾತಿಯ ಸಂತತಿ ಪೂರ್ತಿಯಾಗಿ ಅಳಿದ ಮೊದಲ ನಿದರ್ಶನ ಇದೇ ಇರಬೇಕೆಂದು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಬದುಕಬಲ್ಲ ಕಳ್ಳಿ ನೀರು ಬಂದುದರಿಂದ ಏಕೆ ಸಾಯಬೇಕು? ಇದನ್ನು ತಿಳಿಯಲು ನಮ್ಮ ಅಡಿಗೆಮನೆಯೇ ಸಾಕು. ಉಪ್ಪಿನಕಾಯಿಗೆ ಮಾವಿನಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಕೆಲವು ದಿನಗಳಲ್ಲಿ ಮಿಡಿ ನೀರು ಬಿಟ್ಟುಕೊಂಡು ಸುಕ್ಕುಗಟ್ಟುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಬೇರಿನ ಸುತ್ತಣ ಮಣ್ಣು ಉಪ್ಪಾದರೆ ಗಿಡದ ಪಾಡೂ ಅದೇ. ಕಾಂಡ್ಲಾಗಿಡಗಳು ಉಪ್ಪನ್ನು ತಡೆಯುವ, ಹೊರಹಾಕುವ ವಿದ್ಯೆಯನ್ನು ಕಲಿತಿವೆ. ಕಳ್ಳಿ ಕಲಿತದ್ದು ಬೇರೊಂದು ವಿದ್ಯೆ: ಮಳೆ ಬಿದ್ದೊಡನೆ ಮೇಲ್ಮಣ್ಣಿನಲ್ಲಿ ಹರಡಿದ ಬೇರುಗಳಿಂದ ಬೇಗ ಬೇಗ ಹೀರಿ, ವರ್ಷವೆಲ್ಲ ಕಾಪಿಡುವುದು. ಹಾಗೆ ಮೇಲಕ್ಕಿರುವ ಬೇರುಗಳಿಗೇ ಉಬ್ಬರದ ನೀರು ಮೊದಲು ತಗಲುತ್ತದೆ. ಸಾಲದುದಕ್ಕೆ, ಆ ಕಲ್ಲುಹಾಸಿನ ಮೇಲೆ ಬಹುಕಾಲದಿಂದ ಕೂಡಿದ್ದ ತೆಳುವಾದ ಮಣ್ಣಿನ ಪದರವನ್ನೇ ಅಲೆಗಳು ತೊಳೆದುಕೊಂಡು ಹೋದವು. ಅದೇ ದ್ವೀಪಸಾಲಿನ ಕೊನೆಯಲ್ಲಿರುವ ಕೀ ವೆಸ್ಟಿನ ಅಳತೆಯ ಕಂಬ 1913ರಿಂದ ಕಡಲಮಟ್ಟವನ್ನು ಗುರುತಿಸುತ್ತಿದೆ. ಅಂದಿನಿಂದ ಇಂದಿಗೆ ಅದು ಒಂದು ಗೇಣಿಗಿಂತ ಹೆಚ್ಚು ಏರಿದೆ. ಕೆಲವೇ ಅಡಿಗಳ ಎತ್ತರದ ನೆಲದ ಮೇಲೆ ಒಂದು ಗೇಣು ಸಣ್ಣ ಮಾತಲ್ಲ.

ಇಷ್ಟು ಕೇಳಿದ ಮೇಲೂ ತಮ್ಮಲ್ಲಿ ಕೆಲವರಿಗೆ, 'ಹೋದದ್ದು ಕಳ್ಳಿ ತಾನೆ?' ಎನ್ನಿಸಿದರೆ ಅದು ಸಹಜವೇ. ಕಳ್ಳಿಯನ್ನು ಕಳೆಯೆಂದು ಕಡಿದು ಸುಟ್ಟ ನಾಡು ನಮ್ಮದು. ಕೆಂಪು ಬಣ್ಣ ಕೊಡುವ ಕಾಚಿನೀಲ್ ಹುಳುವನ್ನು ಸಾಕಿ ಲಾಭ ಗಳಿಸುವ ಆಸೆಯಿಂದ 1795ರಲ್ಲಿ ಬ್ರೆಜಿಲಿನಿಂದ ಬಂಗಾಳಕ್ಕೆ ಒಂದು ಹುಳುವನ್ನು ತಂದರು. ಬಂದದ್ದು ಅಸಲು ಹುಳುವಲ್ಲ, ಅದರ ಕೀಳು ದಾಯಾದಿ. ಅದು ಒಳ್ಳೆಯ ಬಣ್ಣ ಕೊಡಲಿಲ್ಲ. ಆದರೆ ಪಾಪಾಸುಕಳ್ಳಿಯ ಒಂದು ಜಾತಿಯನ್ನು ಹಿಂಡಿ ಹಾಕಿತು. ಇದನ್ನು ಗಮನಿಸಿ 1863ರ ಸುಮಾರಿಗೆ ದಕ್ಷಿಣ ಭಾರತಕ್ಕೆ ತಂದು ಬಿಟ್ಟಾಗ ಇಲ್ಲಿಯೂ ಕೆಲವೇ ವರ್ಷಗಳಲ್ಲಿ ಆ ಜಾತಿಯ ಮೆಳೆಗಳು ಒಣಗಿದವು. ಕಳೆಯನ್ನು ಕೀಟದಿಂದ ಗೆದ್ದ ಪ್ರಪಂಚದ ಮೊದಲ ಉದಾಹರಣೆಯೆಂದು ಇದು ಇಂದಿಗೂ ಪಠ್ಯಗಳಲ್ಲಿ ಬರುತ್ತದೆ.

ಹ್ಯಾರಿಸಿಯಾದ ಬಳಗಕ್ಕೂ ಇಂಥ ಕಥೆಯುಂಟು. ದಕ್ಷಿಣ ಅಮೆರಿಕದ ಹ್ಯಾರಿಸಿಯಾ ಒಂದನ್ನು ಅಲಂಕಾರಕ್ಕೆಂದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿಗೆ ಒಯ್ದರು. ಅದು ಹುಲ್ಲುಗಾವಲುಗಳನ್ನು ಆಕ್ರಮಿಸಿತು. 1975ರಲ್ಲಿ ಅರ್ಜೆಂಟೀನದಿಂದ ತಂದ ಬಿಳಿಹಿಟ್ಟಿನ ತಿಗಣೆಯೊಂದು ಅದನ್ನು ಹತೋಟಿಗೆ ತಂದಿತು. ಆ ತಿಗಣೆಯ ಬಳಗದ್ದೇ ಆದ ಕೀಟವೊಂದು ಕೆರೀಬಿಯನ್ ಸಮುದ್ರದ ಪೋರ್ಟೊರಿಕೊಗೆ ಸೇರಿ, ಅಲ್ಲಿಯ ವಿರಳವಾದ ಬಿಳಿಹೂವಿನ ಹ್ಯಾರಿಸಿಯಾಕ್ಕೆ ಈಗ ಕಂಟಕವಾಗಿದೆ. ಒಂದೇ ಮನೆತನದ ಗಿಡ ಒಂದು ನೆಲದಲ್ಲಿ ಕಳೆ, ಇನ್ನೊಂದು ನೆಲದಲ್ಲಿ ಕಾಪಾಡಬೇಕಾದ ನಿಧಿ. ಹುಳುವಿನ ವಿಷಯವೂ ಹಾಗೆಯೇ. ಗುಣವಾಗಲಿ ದೋಷವಾಗಲಿ ಗಿಡದೊಳಗೆ ಇಲ್ಲ. ಗಿಡಕ್ಕೂ ಅದರ ತಾಣಕ್ಕೂ ಇರುವ ಸಂಬಂಧದಲ್ಲಿದೆ. ಆದುದರಿಂದ, 'ಕಳ್ಳಿ ತಾನೆ?' ಎಂದು ಕೇಳುವಾಗ 'ಎಲ್ಲಿಯ ಕಳ್ಳಿ?' ಎಂಬುದನ್ನೂ ಜೊತೆಯಲ್ಲಿ ಕೇಳಿಕೊಳ್ಳಬೇಕು.

ಹಿಂದೆಯೂ ಕಡಲು ಏರಿದೆ, ಇಳಿದಿದೆ. ಸೇಂಟ್ ಲೂಸಿಯ ದಿಬ್ಬಗಳೇ ಅದಕ್ಕೆ ಸಾಕ್ಷಿ. ಕಡಲು ಮುಂದೆ ಬಂದಾಗ ತೀರದ ಗಿಡಗಳು, ಬೀಜ ಬೀಜವಾಗಿ, ತಲೆಮಾರು ತಲೆಮಾರಾಗಿ ಹಿಂದಕ್ಕೆ ಸರಿದು ಹೊಸ ದಡದಲ್ಲಿ ನೆಲೆಸಿದವು. ಇಂದು ಹಿಂದಕ್ಕೆ ಸರಿಯಬೇಕಾದ ನೆಲದಲ್ಲಿ ರೈಲಿನ ಕಂಬಿಯಿದೆ, ರಸ್ತೆಯಿದೆ, ಮನೆಯ ಕಾಂಪೌಂಡಿದೆ. ಕೀ ಲಾರ್ಗೊದ ಕಳ್ಳಿಯನ್ನು ಕಡಲು ಕೊಂದಿತೆಂದು ಹೇಳುವುದು ಸುಲಭ. ಹಿಂದೆ ಸರಿಯಲು ಎಡೆಯಿಲ್ಲದಂತಾದುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿಬ್ಬದ ಮೇಲಿರುವ ಹ್ಯಾರಿಸಿಯಾಕ್ಕೆ ಕಡಲು ಇನ್ನೂ ಮುಟ್ಟಿಲ್ಲ. ಆದರೆ ಅದರ ಬೆನ್ನಿಗೆ ಊರು ಆಗಲೇ ತಾಗಿದೆ. ಉಳ್ಳಾಲದಂಥ ಕಡೆಗಳಲ್ಲಿ ಪ್ರತಿ ಮಳೆಗಾಲದ ಕಡಲ್ಕೊರೆತವನ್ನು ಕಂಡ ನಮ್ಮವರಿಗೆ, ಮುಂದೆ ಕಡಲು, ಹಿಂದೆ ಜಾಗವಿಲ್ಲ ಎಂಬ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮನೆ ಕಳೆದುಕೊಂಡವರು ಗಂಟುಮೂಟೆ ಕಟ್ಟಿಕೊಂಡು ಬೇರೆಲ್ಲಿಗಾದರೂ ಹೋಗುವರು. ಗಿಡಕ್ಕೆ ಆ ಸೌಲಭ್ಯವೂ ಇಲ್ಲ.

ಕೀ ಲಾರ್ಗೊದಿಂದ ಕಿತ್ತು ತಂದ ತುಂಡುಗಳಿಂದ ಗಿಡಗಳು ಉದ್ಯಾನದ ಆಶ್ರಯದಲ್ಲಿ ಬೆಳೆಯುತ್ತಿವೆ. ಕಳ್ಳಿಯ ಜೀವ ಗಟ್ಟಿ. ಒಂದು ತುಂಡು ಸಾಕು, ಬೇರು ಬಿಡುತ್ತದೆ. ನಮ್ಮ ಬ್ರಹ್ಮಕಮಲವೂ ಹಾಗೆಯೇ ಮನೆಯಿಂದ ಮನೆಗೆ, ಒಂದು 'ಎಲೆ'ಯ ರೂಪದಲ್ಲಿ, ದಾನವಾಗಿ ಬಂದದ್ದು. ಕುಂಡದಲ್ಲಿ ಬದುಕುವುದು ಸಾವಿಗಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಮತ್ತೆ ಯಾವುದಾದರೊಂದು ಎತ್ತರದ ನೆಲದಲ್ಲಿ ಅವುಗಳನ್ನು ನೆಡಬೇಕೆಂಬ ಆಲೋಚನೆಯೂ ಉಂಟು. ಆದರೆ ಕುಂಡದ ಗಿಡಕ್ಕೆ ಅದನ್ನು ಹುಡುಕಿಕೊಂಡು ಬರುವ ಬಾವಲಿ ಇಲ್ಲ, ಹಣ್ಣನ್ನು ಕೊಂಡೊಯ್ಯುವ ಹಕ್ಕಿಯಿಲ್ಲ, ಸಸಿಗೆ ನೆರಳಾಗುವ ಪೊದೆಯಿಲ್ಲ. ಅವುಗಳ ಕೆಲಸವನ್ನೆಲ್ಲ ಇನ್ನು ಮನುಷ್ಯನೇ ಮಾಡಬೇಕು. ಒಂದು ವರ್ಷವೂ ಮರೆಯದೆ ಮಾಡಬೇಕು.

ಮುಂದಿನ ಮಳೆಗಾಲದಲ್ಲಿ ನಿಮ್ಮ ನೆರೆಮನೆಯವರು ಬ್ರಹ್ಮಕಮಲ ನೋಡಲು ಕರೆದರೆ ಅವಶ್ಯವಾಗಿ ಹೋಗಿ. ಹೂ ಅರಳುವವರೆಗೆ ಕಾಯಬೇಕಾದ ಹೊತ್ತಿನಲ್ಲಿ, ಅದೇ ಕುಟುಂಬದ ಇನ್ನೊಂದು ಬಿಳಿಯ ಹೂ ದೂರದ ಕಡಲಂಚಿನ ದಿಬ್ಬದ ಮೇಲೆ, ರೈಲುಕಂಬಿಗೂ ಹಿನ್ನೀರಿಗೂ ನಡುವೆ, ತನ್ನ ಪತಂಗಕ್ಕಾಗಿ ಕಾಯುತ್ತಿದೆಯೆಂಬುದು ನಿಮಗೆ ನೆನಪಾದರೆ ಈ ಮಾತುಗಳನ್ನು ಆಡಿದ್ದು ಸಾರ್ಥಕ.